ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2 ಕಲಿಯುವಾಗ: ಅಸಿಸ್ಟ್ ಬಟನ್ ಯಾವಾಗ ಒತ್ತಬೇಕು?

ಕೆಲವು ವಾರಗಳಿಂದ ಈ ಆಟ ಕಲಿಯುತ್ತಿದ್ದೇನೆ. ನಿನ್ನೆ ರಾತ್ರಿ ಒಂದು ವಿಷಯ ಕೊನೆಗೂ ತಲೆಗೆ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಬೇರೆ ಒಂದೆರಡು ಫೈಟಿಂಗ್ ಗೇಮ್ ಆಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ತಿರುಗಿಸಿ ಪಂಚ್ ಒತ್ತುವುದು ಹೇಗೆ ಅನ್ನುವುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ.

ಆಟದ ಪರಿಚಯ ಎರಡೇ ಮಾತಿನಲ್ಲಿ. ಮಾರ್ವೆಲ್ ಮತ್ತು ಕ್ಯಾಪ್‌ಕಾಮ್ ಕಂಪನಿಗಳ ಪಾತ್ರಗಳು ಹೊಡೆದಾಡುವ ಆಟ ಇದು. 2000ದಲ್ಲಿ ಆರ್ಕೇಡ್‌ಗೆ ಬಂತು, ಅದೇ ವರ್ಷ ಡ್ರೀಮ್‌ಕಾಸ್ಟ್ ಕನ್ಸೋಲ್‌ಗೂ ಬಂತು. 2024ರಲ್ಲಿ ಕ್ಯಾಪ್‌ಕಾಮ್ ತನ್ನ ಹಳೆಯ ಮಾರ್ವೆಲ್ ಆರ್ಕೇಡ್ ಆಟಗಳನ್ನು ಒಟ್ಟು ಸೇರಿಸಿ ಮತ್ತೆ ಬಿಡುಗಡೆ ಮಾಡಿತು, ಹಾಗಾಗಿ ಈಗ ಸಿಗುವುದು ಕಷ್ಟವಲ್ಲ. ಒಟ್ಟು 56 ಪಾತ್ರಗಳು. ನೀವು ಮೂವರನ್ನು ಆರಿಸುತ್ತೀರಿ, ಎದುರಾಳಿಯೂ ಮೂವರನ್ನು ಆರಿಸುತ್ತಾನೆ. ಮೂವರೂ ಸೋತರೆ ಪಂದ್ಯ ಮುಗಿಯಿತು.

ಬಟನ್‌ಗಳು

ಆರು ಬಟನ್. ಲೈಟ್ ಪಂಚ್, ಹೆವಿ ಪಂಚ್, ಲೈಟ್ ಕಿಕ್, ಹೆವಿ ಕಿಕ್, ಅಸಿಸ್ಟ್ 1, ಅಸಿಸ್ಟ್ 2. ಮೀಡಿಯಂ ಹೊಡೆತಕ್ಕೆ ಬೇರೆ ಬಟನ್ ಇಲ್ಲ. ಲೈಟ್ ಹೊಡೆತ ತಾಗಿದ ಮೇಲೆ ಅದೇ ಬಟನ್ ಇನ್ನೊಮ್ಮೆ ಒತ್ತಿದರೆ ಮೀಡಿಯಂ ಬರುತ್ತದೆ. ಕಾಂಬೋ (ಒಂದರ ಹಿಂದೆ ಒಂದು ತಾಗುವ ಹೊಡೆತಗಳ ಸರಣಿ) ಪಟ್ಟಿಗಳಲ್ಲಿ 'ಲೈಟ್, ಮೀಡಿಯಂ, ಹೆವಿ' ಅಂತ ಬರೆದಿದ್ದರೆ ನಿಮ್ಮ ಬೆರಳಿಗೆ ಅದು 'ಲೈಟ್, ಲೈಟ್, ಹೆವಿ'. ಇಷ್ಟು ಗೊತ್ತಿದ್ದರೆ ಸಾಕು.

ಎರಡು ಪಂಚ್ ಒಟ್ಟಿಗೆ ಒತ್ತಿದರೆ ಡ್ಯಾಶ್. ಎರಡು ಕಿಕ್ ಒಟ್ಟಿಗೆ ಒತ್ತಿದರೆ ಸೂಪರ್ ಜಂಪ್. ಎರಡು ಲೈಟ್ ಅಥವಾ ಎರಡು ಹೆವಿ ಒಟ್ಟಿಗೆ ಒತ್ತಿದರೆ ಜೊತೆಗಾರ ಒಳಗೆ ಬಂದು ಆಡುವವನ ಜಾಗ ತೆಗೆದುಕೊಳ್ಳುತ್ತಾನೆ. ಹೊರಗೆ ಹೋದವನ ಲೈಫ್ ಪಟ್ಟಿಯಲ್ಲಿ ಕೆಂಪಾಗಿ ಕಾಣುವ ಭಾಗ ನಿಧಾನವಾಗಿ ತುಂಬಿಕೊಳ್ಳುತ್ತದೆ.

ಅಸಿಸ್ಟ್: ನಾನು ಎಡವಿದ ಜಾಗ

ಅಸಿಸ್ಟ್ ಬಟನ್ ಒತ್ತಿದರೆ ಜೊತೆಗಾರ ಓಡಿಬಂದು ಒಂದು ಹೊಡೆತ ಹೊಡೆದು ಹೋಗುತ್ತಾನೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೂ ಇಷ್ಟೇ ಗೊತ್ತಿತ್ತು. ಹಾಗಾಗಿ ಕಷ್ಟ ಬಂದಾಗಲೆಲ್ಲ ಒತ್ತುತ್ತಿದ್ದೆ. ಎದುರಾಳಿ ಮೇಲಿಂದ ಹಾರಿ ಬರುತ್ತಿದ್ದಾನೆ, ತಕ್ಷಣ ಒತ್ತು. ಪ್ರತಿ ಸಲ ನಾನೂ ಏಟು ತಿಂದೆ, ಕರೆದವನೂ ಏಟು ತಿಂದ. ಯಾಕೆ ಅಂತ ಬಹಳ ದಿನ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಟ್ರೇನಿಂಗ್ ಮೋಡ್‌ನಲ್ಲಿ. ಬೇರೆ ಏನೂ ಮಾಡದೆ ಸುಮ್ನೆ ಅಸಿಸ್ಟ್ ಒತ್ತಿ ನೋಡುತ್ತಾ ಕೂತೆ. ನೀವೂ ಇದನ್ನು ಒಂದು ಹತ್ತು ಸಲ ಮಾಡಿ, ದಯವಿಟ್ಟು. ಒತ್ತಿದೆ. ಅವನು ಹಾರಿ ಒಳಗೆ ಬಂದ. ಕಾಲೂರಿದ. ಆಮೇಲೆ ಹೊಡೆದ. ಹೊಡೆದ ಮೇಲೆ ಒಂದು ಪೋಸ್ ಕೊಟ್ಟು ನಿಂತ. ಆಮೇಲೆ ಹೊರಗೆ ಹಾರಿದ. ಆರು ಹಂತಗಳಲ್ಲಿ ಹೊಡೆತ ಬರುವುದು ನಾಲ್ಕನೆಯದರಲ್ಲಿ! ಉಳಿದ ಹೊತ್ತೆಲ್ಲ ಅವನು ಪರದೆಯ ಮೇಲೆ ಸುಮ್ಮನೆ ಇರುತ್ತಾನೆ, ಬ್ಲಾಕ್ ಕೂಡ ಮಾಡಲಾರ.

ಅಂದರೆ ಅಸಿಸ್ಟ್ ಬೇಕಾದಾಗ ಒತ್ತುವುದಲ್ಲ, ಬೇಕಾಗುವ ಮೊದಲೇ ಒತ್ತುವುದು. ನಾನು ಈಗ ಮಾಡುವುದು ಹೀಗೆ. ದೂರ ನಿಂತಿದ್ದೇನೆ. ಅಸಿಸ್ಟ್ ಒತ್ತುತ್ತೇನೆ. ಅವನು ಬರುತ್ತಿರುವಾಗಲೇ ಡ್ಯಾಶ್ ಮಾಡಿ ಹತ್ತಿರ ಹೋಗುತ್ತೇನೆ. ಲೈಟ್ ಕಿಕ್, ಮತ್ತೆ ಲೈಟ್ ಕಿಕ್. ಆ ಎರಡನೆಯದು ತಾಗುವ ಹೊತ್ತಿಗೆ ಜೊತೆಗಾರನ ಹೊಡೆತವೂ ಬಂದು ಬೀಳುತ್ತದೆ. ನನ್ನ ಕಿಕ್ ತಾಗಿದ್ದರೆ ಕಾಂಬೋ ಮುಂದುವರಿಯಿತು. ಎದುರಾಳಿ ಬ್ಲಾಕ್ ಮಾಡಿದ್ದರೆ? ಜೊತೆಗಾರನ ಹೊಡೆತವನ್ನೂ ಬ್ಲಾಕ್ ಮಾಡುತ್ತಾ ಅವನು ಅಲ್ಲೇ ಸಿಕ್ಕಿಕೊಂಡಿರುತ್ತಾನೆ, ನನಗೆ ಇನ್ನೊಂದು ಸಲ ದಾಳಿ ಮಾಡಲು ಹೊತ್ತು ಸಿಗುತ್ತದೆ. ಎರಡೂ ಕಡೆ ನನಗೇ ಲಾಭ, ಅಲ್ವಾ? ಮೊದಲು ನಾನು ಕಿಕ್ ಮಾಡಿ, ಅದು ತಾಗಿದ್ದನ್ನು ನೋಡಿ, ಆಮೇಲೆ ಅಸಿಸ್ಟ್ ಒತ್ತುತ್ತಿದ್ದೆ. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಒತ್ತಿದರೂ ಬಾರದ ಸಂದರ್ಭಗಳೂ ಇವೆ. ನೀವು ಏಟು ತಿನ್ನುತ್ತಿದ್ದರೆ ಬರುವುದಿಲ್ಲ. ಬ್ಲಾಕ್ ಮಾಡುತ್ತಿದ್ದರೆ ಬರುವುದಿಲ್ಲ. ಸೂಪರ್ ಜಂಪ್‌ನಲ್ಲಿ ಇದ್ದರೂ ಬರುವುದಿಲ್ಲ. ಮಾಮೂಲಿ ಜಂಪ್‌ನಲ್ಲಿ ಬರುತ್ತಾನೆ. ಸೂಪರ್ ಜಂಪ್‌ನ ಈ ವಿಷಯ ನನಗೆ ಗೊತ್ತೇ ಇರಲಿಲ್ಲ, ಬಟನ್ ಕೆಟ್ಟಿದೆ ಅಂದುಕೊಂಡಿದ್ದೆ. ಒಬ್ಬ ಹೊರಗೆ ಹೋಗುವ ತನಕ ಇನ್ನೊಬ್ಬನನ್ನೂ ಕರೆಯಲಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಎದುರಿಗೆ ಕೇಬಲ್ ಅನ್ನುವ ಪಾತ್ರ ಇದ್ದು ಅವನ ಹೈಪರ್ ಮೀಟರ್‌ನಲ್ಲಿ (ಹೈಪರ್ ಅನ್ನುವ ದೊಡ್ಡ ಹೊಡೆತಕ್ಕೆ ಬೇಕಾದ ಶಕ್ತಿಯ ಪಟ್ಟಿ) ಒಂದು ಹಂತವಾದರೂ ತುಂಬಿದ್ದರೆ ದೂರದಿಂದ ಅಸಿಸ್ಟ್ ಕರೆಯಬೇಡಿ. ಅವನು ಗಾಳಿಯಲ್ಲಿ ಬಿಡುವ ಹೈಪರ್ ವೈಪರ್ ಬೀಮ್ ಪರದೆಯ ಆ ತುದಿಯಿಂದ ಈ ತುದಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ. ಪೋಸ್ ಕೊಡುತ್ತಾ ನಿಂತ ಜೊತೆಗಾರನಿಗೂ ತಾಗುತ್ತದೆ, ನಿಮಗೂ ತಾಗುತ್ತದೆ. ಹೀಗೆ ಒಂದೇ ಹೊಡೆತಕ್ಕೆ ಇಬ್ಬರೂ ಸಿಗುವುದನ್ನು ಆಟಗಾರರು 'ಹ್ಯಾಪಿ ಬರ್ತ್‌ಡೇ' ಅನ್ನುತ್ತಾರೆ. ಎದುರಾಳಿಗೆ ಅದು ಉಡುಗೊರೆ ಸಿಕ್ಕ ಹಾಗೆ.

ಆಲ್ಫಾ, ಬೀಟಾ, ಗಾಮಾ

ಪಾತ್ರ ಆರಿಸಿದ ಮೇಲೆ ಆಟ ಒಂದು ಪ್ರಶ್ನೆ ಕೇಳುತ್ತದೆ: ಆಲ್ಫಾ, ಬೀಟಾ, ಗಾಮಾ, ಯಾವುದು? ನಾನು ನೋಡದೆ ಮೊದಲನೆಯದನ್ನೇ ಒತ್ತುತ್ತಿದ್ದೆ. ಅಲ್ಲಿ ಆರಿಸುತ್ತಿರುವುದು ಆ ಪಾತ್ರ ಅಸಿಸ್ಟ್ ಆಗಿ ಬಂದಾಗ ಹೊಡೆಯುವ ಹೊಡೆತವನ್ನು. ಪಂದ್ಯದ ನಡುವೆ ಅದನ್ನು ಬದಲಿಸಲಾಗದು. ಒಂದೇ ಪಾತ್ರ, ಅಕ್ಷರ ಬದಲಾದರೆ ಪೂರ್ತಿ ಬೇರೆ ಕೆಲಸದವನು.

ನಾನು ಬಾಯಿಪಾಠ ಮಾಡಿಕೊಂಡಿರುವುದು ನಾಲ್ಕು. ಸೈಲಾಕ್ ಆಲ್ಫಾ: ಕೆಳಗಿಂದ ಮೇಲಕ್ಕೆ ಎದ್ದು ಹಾರಿ ಬರುವವನನ್ನು ತಡೆಯುತ್ತಾಳೆ. ಕ್ಯಾಪ್ಟನ್ ಕಮಾಂಡೋ ಬೀಟಾ: ನೇರ ಕಂಬದ ಹಾಗೆ ಮೇಲಕ್ಕೆ ಏಳುವ ವಿದ್ಯುತ್, ಅದೇ ಕೆಲಸ. ಸೆಂಟಿನೆಲ್ ಗಾಮಾ: ಸಣ್ಣ ಡ್ರೋನ್‌ಗಳು ಪರದೆ ದಾಟಿ ಹೋಗುತ್ತವೆ, ಅವುಗಳ ಹಿಂದೆಯೇ ನೀವು ನುಗ್ಗಬಹುದು. ಡಾಕ್ಟರ್ ಡೂಮ್ ಬೀಟಾ: ಅವನ ಸುತ್ತ ಕಲ್ಲುಗಳು ತಿರುಗಿ, ಆಮೇಲೆ ಮುಂದಕ್ಕೆ ಹಾರುತ್ತವೆ. ಹೊತ್ತು ಜಾಸ್ತಿ ತೆಗೆದುಕೊಳ್ಳುತ್ತದೆ, ಆದರೆ ಎದುರಾಳಿಯನ್ನು ಬಹಳ ಹೊತ್ತು ಕಟ್ಟಿಹಾಕುತ್ತದೆ.

ಈ ಡೂಮ್‌ನ ಜೊತೆ ಕ್ಯಾಪ್‌ಕಾಮ್ ಕಡೆಯ ಸ್ಟ್ರೈಡರ್ ಹಿರಿಯುನನ್ನು ಆಡುವುದನ್ನು ಒಮ್ಮೆ ನೋಡಿ. ಸ್ಟ್ರೈಡರ್‌ನ ಒರೊಬೊರೊಸ್ ಅನ್ನುವ ಹೈಪರ್‌ನಲ್ಲಿ ಅವನ ಸುತ್ತ ಎರಡು ಗೋಳಗಳು ತಿರುಗಲು ಶುರುವಾಗುತ್ತವೆ. ಆಗ ಒತ್ತುವ ಪ್ರತಿ ಹೊಡೆತದ ಬಟನ್‌ಗೂ ಅವು ಗುಂಡು ಹಾರಿಸುತ್ತವೆ. ಜೊತೆಗೆ ಡೂಮ್‌ನ ಕಲ್ಲುಗಳು. ಎದುರಾಳಿಗೆ ಬ್ಲಾಕ್ ಬಿಡಲು ಜಾಗವೇ ಸಿಗುವುದಿಲ್ಲ. ಎರಡು ಬೇರೆ ಬೇರೆ ಕಂಪನಿಗಳ ಪಾತ್ರಗಳು ಹೀಗೆ ಬೀಗ ಮತ್ತು ಕೀಲಿಯಂತೆ ಕೂಡಿಕೊಳ್ಳುವುದನ್ನು ಕಂಡ ಮೇಲೆಯೇ ನನಗೆ ಈ ಆಟದ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು.

ಮ್ಯಾಗ್ನೆಟೊ, ಸ್ಟಾರ್ಮ್, ಸೈಲಾಕ್ ಸೇರಿದ ತಂಡ ಬಹಳ ಪ್ರಸಿದ್ಧ. ಅಲ್ಲೂ ಸೈಲಾಕ್ ಹೆಚ್ಚಾಗಿ ಹೊರಗೇ ಇರುತ್ತಾಳೆ, ಕರೆದಾಗ ಬಂದು ಹೊಡೆಯುವುದೇ ಅವಳ ಕೆಲಸ. ಮ್ಯಾಗ್ನೆಟೊ ಶುರುವಿನಲ್ಲಿ ಕಷ್ಟ, ಬೆರಳು ತುಂಬಾ ಓಡಬೇಕು. ನಾನು ಸದ್ಯಕ್ಕೆ ಕೇಬಲ್, ಸೆಂಟಿನೆಲ್ ಗಾಮಾ, ಕ್ಯಾಪ್ಟನ್ ಕಮಾಂಡೋ ಬೀಟಾ ಇಟ್ಟುಕೊಂಡಿದ್ದೇನೆ. ಕಲಿಯುವವರಿಗೆ ಇದನ್ನೇ ಹೇಳುತ್ತೇನೆ. ಹಾರಿ ಬಂದರೆ ಕಮಾಂಡೋ ಇದ್ದಾನೆ, ನೆಲದ ಮೇಲೆ ಬಂದರೆ ಡ್ರೋನ್ ಇದೆ, ತಪ್ಪು ಮಾಡಿದರೆ ಕೇಬಲ್‌ನ ಬೀಮ್ ಇದೆ.

ಬ್ಲಾಕ್

ಬ್ಲಾಕ್ ಮಾಡುತ್ತಿರುವಾಗ ಎರಡು ಪಂಚ್ ಒಟ್ಟಿಗೆ ಒತ್ತಿ. ಎದುರಾಳಿ ಹಿಂದಕ್ಕೆ ಜಾರುತ್ತಾನೆ. ಇದು ಪುಶ್ ಬ್ಲಾಕ್. ಇದಿಲ್ಲದೆ ಮೂಲೆಯಿಂದ ಹೊರಗೆ ಬರುವುದು ತುಂಬಾ ಕಷ್ಟ. ಕೈಗೆ ಅಭ್ಯಾಸ ಆಗುವ ತನಕ ಬೇಕಾದ್ದಕ್ಕಿಂತ ಜಾಸ್ತಿಯೇ ಒತ್ತಿ.

ಮೀಟರ್

ಐದು ಹಂತ, ಮೂವರಿಗೂ ಸೇರಿ ಒಂದೇ ಮೀಟರ್. ಒಬ್ಬನ ಹೈಪರ್ ನಡೆಯುತ್ತಿರುವಾಗ ಮುಂದಿನವನ ಹೈಪರ್‌ನ ಚಲನೆ ಮಾಡಿದರೆ ಅವನು ಒಳಗೆ ಬಂದು ತನ್ನದನ್ನು ಶುರು ಮಾಡುತ್ತಾನೆ, ಮೊದಲಿನವನು ಸುರಕ್ಷಿತವಾಗಿ ಹೊರಗೆ ಹೋಗುತ್ತಾನೆ. ಅಪಾಯದಲ್ಲಿ ಇರುವವನನ್ನು ಹೊರಗೆ ಕಳಿಸಲು ಇದೇ ಒಳ್ಳೆಯ ದಾರಿ. ಬರುವವನು ಯಾರು ಅನ್ನುವುದು ತಂಡದ ಸಾಲಿನ ಮೇಲೆ ನಿಂತಿದೆ, ಹಾಗಾಗಿ ಆರಿಸುವಾಗಲೇ ಸಾಲು ಯೋಚಿಸಿ.

ಬ್ಲಾಕ್ ಮಾಡುವಾಗ ಅಸಿಸ್ಟ್ ಬರುವುದಿಲ್ಲ ಅಂದೆನಲ್ಲ? ಅದಕ್ಕೂ ಒಂದು ದಾರಿ ಇದೆ. ಸ್ಟಿಕ್ಕನ್ನು ಹಿಂದಿನಿಂದ ಕೆಳಕ್ಕೆ ತಿರುಗಿಸಿ ಅಸಿಸ್ಟ್ ಬಟನ್ ಒತ್ತಿದರೆ, ಒಂದು ಹಂತ ಮೀಟರ್ ಖರ್ಚಾಗಿ ಜೊತೆಗಾರ ತನ್ನ ಹೊಡೆತದ ಜೊತೆಗೇ ಒಳಗೆ ಬರುತ್ತಾನೆ. ಆ ಹೊಡೆತ ಯಾವುದು ಅಂತ ತೀರ್ಮಾನಿಸುವುದೂ ನೀವು ಮೊದಲೇ ಆರಿಸಿದ ಆಲ್ಫಾ, ಬೀಟಾ, ಗಾಮಾ ಅಕ್ಷರವೇ. ಹಿಂದೆ ಒತ್ತಿ ಬ್ಲಾಕ್ ಮಾಡುತ್ತಿರುವ ಕೈಗೆ ಅಲ್ಲಿಂದ ಕೆಳಕ್ಕೆ ಹೋಗುವುದು ಅಷ್ಟೇನೂ ದೂರವಲ್ಲ. ಇವತ್ತು ಇದನ್ನೇ ಅಭ್ಯಾಸ ಮಾಡುತ್ತಿದ್ದೇನೆ, ಹತ್ತಕ್ಕೆ ಆರು ಸಲ ಬರುತ್ತಿದೆ.