ಗಿನಿಪಿಗ್ಗಿನ ಉಬ್ಬಸ ಬೇರೆ, ನಮ್ಮ ಉಬ್ಬಸ ಬೇರೆ

'ಉಬ್ಬಸ ಅಂದ್ರೆ ಅಲರ್ಜಿ ತಾನೇ? ಒಂದು ಸೆಟ್ರಿಜಿನ್ ನುಂಗಿ ಮಲಗಿದ್ರೆ ಹೋಗುತ್ತೆ.' ಈ ಮಾತು ಎಷ್ಟು ಸಲ ಕೇಳಿದ್ದೇನೋ. ಹೋಗಲ್ಲ. ಸೀನು, ತುರಿಕೆ, ಮೂಗು ಸೋರುವುದಕ್ಕೆ ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಎದೆಯ ಸುಂಯ್ ಶಬ್ದದ ಮುಂದೆ ಸೋಲುತ್ತದೆ. ಯಾಕೆ ಅನ್ನುವ ಕಥೆ ನನಗೆ ಬಹಳ ಇಷ್ಟ.

1910ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೈಡ್ಲಾ ಗಿನಿಪಿಗ್ಗಿಗೆ ಹಿಸ್ಟಮಿನ್ ಎಂಬ ರಾಸಾಯನಿಕ ಚುಚ್ಚಿದರು. ಅದರ ಗಾಳಿಕೊಳವೆಗಳು ಬಿಗಿದು ಉಸಿರು ಕಟ್ಟಿತು. ಮೂರು ವರ್ಷದ ನಂತರ ಡೇಲ್ ಇನ್ನೊಂದು ಪ್ರಯೋಗ ಮಾಡಿದರು. ಪರಕೀಯ ಪ್ರೋಟೀನನ್ನು ಮೊದಲೇ ಚುಚ್ಚಿದ್ದ ಗಿನಿಪಿಗ್ಗಿನ ಗರ್ಭಕೋಶದಿಂದ ಒಂದು ಪಟ್ಟಿ ತೆಗೆದು, ಬೆಚ್ಚಗಿನ ಉಪ್ಪುನೀರಿನಲ್ಲಿ ತೂಗುಹಾಕಿದರು. ಪಟ್ಟಿಗೆ ದಾರ, ದಾರಕ್ಕೆ ಕಡ್ಡಿ. ಕಡ್ಡಿಯ ತುದಿ ಹೊಗೆ ಹಿಡಿಸಿದ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅದೇ ಪ್ರೋಟೀನನ್ನು ಚೂರು ಹಾಕಿದ್ದೇ ತಡ, ಗೆರೆ ಸರ್ರನೆ ಮೇಲಕ್ಕೆ ಹೋಯಿತು. ತೊಳೆದು ಮತ್ತೆ ಹಾಕಿದರೆ? ಸುಮ್ನೆ ಇತ್ತು. ಅಂದರೆ ಆ ಪಟ್ಟಿಯೊಳಗೆ ತುಂಬಿಟ್ಟದ್ದೇನೋ ಒಂದೇ ಸಲಕ್ಕೆ ಖಾಲಿಯಾಗಿತ್ತು!

ತುಂಬಿಟ್ಟುಕೊಂಡಿರುವುದು ಮಾಸ್ಟ್ ಕೋಶ. ದಾಳಿಂಬೆಯ ಹಾಗೆ ಒಳಗೆಲ್ಲ ಕಾಳು, ಕಾಳಿನೊಳಗೆ ಹಿಸ್ಟಮಿನ್. 1870ರ ದಶಕದಲ್ಲೇ ಇದನ್ನು ಕಂಡ ಪಾಲ್ ಎರ್ಲಿಕ್, ಚೆನ್ನಾಗಿ ಉಂಡು ಕೊಬ್ಬಿದ ಕೋಶ ಎಂದುಕೊಂಡು ಆ ಹೆಸರಿಟ್ಟರು. ಹಿಸ್ಟಮಿನ್ ಇರುವುದು ಅದರೊಳಗೆ ಅಂತ ಗೊತ್ತಾಗಿದ್ದು 1953ರಲ್ಲಿ. ಕೋಶದ ಮೈತುಂಬ ಐಜಿಇ ಎಂಬ ಪ್ರತಿಕಾಯಗಳು ಕೈ ಚಾಚಿ ನಿಂತಿರುತ್ತವೆ. ಒಂದು ಕೈಗೆ ಪರಾಗದ ಪ್ರೋಟೀನ್ ಸಿಕ್ಕರೆ ಏನೂ ಆಗಲ್ಲ. ಪಕ್ಕಪಕ್ಕದ ಎರಡು ಕೈ ಒಂದೇ ಪ್ರೋಟೀನನ್ನು ಹಿಡಿಯಬೇಕು. ಬ್ಯಾಂಕಿನ ಲಾಕರ್ ನೆನಪಿಸಿಕೊಳ್ಳಿ: ನಿಮ್ಮ ಕೀಲಿ, ಬ್ಯಾಂಕಿನವರ ಕೀಲಿ, ಎರಡೂ ತಿರುಗಿದರೆ ಮಾತ್ರ ಬಾಗಿಲು. ಹೀಗೆ ಜೋಡಿ ಬಿದ್ದ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಬಿಸಿಲಿಗೆ ಒಣಗಿದ ಹರಳುಕಾಯಿ ಚಟ್ ಅಂತ ಸಿಡಿಯುವ ಹಾಗೆ, ಕೆಲವೇ ನಿಮಿಷದಲ್ಲಿ ಕಾಳುಗಳೊಳಗಿನದೆಲ್ಲ ಹೊರಕ್ಕೆ. ಹಿಸ್ಟಮಿನ್ ಗಾಳಿಕೊಳವೆಯ ಸ್ನಾಯುವಿಗೆ ತಾಗಿ ಅದನ್ನು ಹಿಂಡುತ್ತದೆ.

ಗಿನಿಪಿಗ್ಗಿನಲ್ಲಿ ಈ ಹಿಂಡುವ ಕೆಲಸ ಹೆಚ್ಚಾಗಿ ಹಿಸ್ಟಮಿನ್‌ನದೇ. ಅದಕ್ಕೇ ಹಿಸ್ಟಮಿನ್ ತಡೆಯುವ ಔಷಧಿ (ಸೆಟ್ರಿಜಿನ್ ಕೂಡ ಇದೇ ಜಾತಿಯದು) ಕೊಟ್ಟರೆ ಪ್ರಾಣಿ ಬದುಕುತ್ತಿತ್ತು. ಅಸ್ತಮಾಕ್ಕೆ ಮದ್ದು ಸಿಕ್ಕಿತು ಅಂತ ಆಸೆ ಹುಟ್ಟದೆ ಇರುತ್ತಾ? ಆದರೆ 1951ರಲ್ಲಿ ಷಿಲ್ಡ್ ಮತ್ತು ಸಂಗಡಿಗರು ಅಸ್ತಮಾ ರೋಗಿಯ ಗಾಳಿಕೊಳವೆಯ ಚೂರನ್ನೇ ಹೀಗೆ ತೂಗುಹಾಕಿ, ಆ ರೋಗಿಗೆ ಆಗದ ವಸ್ತುವನ್ನು ಹಾಕಿ ನೋಡಿದರು. ಹಿಸ್ಟಮಿನ್ ಹೊರಬಂತು, ಸ್ನಾಯು ಬಿಗಿಯಿತು. ಹಿಸ್ಟಮಿನ್ ತಡೆದರೂ ಬಿಗಿತ ಹೆಚ್ಚೇನೂ ಇಳಿಯಲಿಲ್ಲ. ನಮ್ಮಲ್ಲಿ ಅದೇ ಮಾಸ್ಟ್ ಕೋಶ ಲ್ಯೂಕೋಟ್ರೀನ್ ಎಂಬ ಬೇರೆ ರಾಸಾಯನಿಕಗಳನ್ನೂ ತಯಾರಿಸುತ್ತದೆ. ಇವುಗಳ ರಚನೆ ಗೊತ್ತಾಗಿದ್ದು 1979ರಲ್ಲಿ. ಗಾಳಿಕೊಳವೆ ಹಿಂಡುವುದರಲ್ಲಿ ಇವು ಹಿಸ್ಟಮಿನ್‌ಗಿಂತ ಸುಮಾರು ಸಾವಿರ ಪಟ್ಟು ಜಾಸ್ತಿ ಬಲಶಾಲಿ. ಜೊತೆಗೆ ಒಳಗೋಡೆಯ ಊತ ಬೇರೆ. ಅದನ್ನು ಇಳಿಸುವುದು ಇನ್‌ಹೇಲರಿನ ಸ್ಟೀರಾಯ್ಡ್, ಸೆಟ್ರಿಜಿನ್ ಅಲ್ಲ. ಇನ್‌ಹೇಲರ್ ಅಂದರೆ ಚಟ ಅಂತ ಹೆದರಿ ಮಕ್ಕಳಿಗೆ ಮಾತ್ರೆ ಮಾತ್ರ ಕೊಡುವವರನ್ನು ಕಂಡರೆ ಸಂಕಟವಾಗುತ್ತದೆ.

ಇಲಿಯ ಕಥೆ ಇನ್ನೊಂದು. ಈಗಿನ ಪ್ರಯೋಗಗಳಲ್ಲಿ ಜಾಸ್ತಿ ಬಳಸುವುದು ಸುಂಡಿಲಿಯನ್ನೇ. ಆದರೆ ಅದರ ಗಾಳಿಕೊಳವೆ ಹಿಸ್ಟಮಿನ್‌ಗೆ ಅಷ್ಟಾಗಿ ಜಗ್ಗುವುದೇ ಇಲ್ಲ. ಅಲ್ಲಿ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ್ದೇ ಜೋರು.

ಇದನ್ನೆಲ್ಲ ತನ್ನ ಎದೆಯಲ್ಲೇ ಪರೀಕ್ಷಿಸಿದವರು ರೋಜರ್ ಆಲ್ಟೌನ್ಯನ್ ಎಂಬ ವೈದ್ಯ. ಸ್ವತಃ ಅಸ್ತಮಾ ರೋಗಿ, ಗಿನಿಪಿಗ್ಗಿನ ಕೂದಲಿನ ಅಲರ್ಜಿ ಇದ್ದವರು. ಆ ಕೂದಲಿನ ಸಾರವನ್ನು ಬೇಕೆಂದೇ ಉಸಿರಲ್ಲಿ ಎಳೆದುಕೊಂಡು, ಉಬ್ಬಸ ಬರಿಸಿಕೊಂಡು, ಒಂದೊಂದೇ ಔಷಧಿಯನ್ನು ವರ್ಷಗಟ್ಟಲೆ ತಾಳೆ ನೋಡಿದರು. 1965ರಲ್ಲಿ ಕ್ರೊಮೊಗ್ಲೈಕೇಟ್ ಸಿಕ್ಕಿತು. ಮೊದಲೇ ಎಳೆದುಕೊಂಡರೆ ಮಾಸ್ಟ್ ಕೋಶ ಸಿಡಿಯದಂತೆ ತಡೆಯುವ ಪುಡಿ ಅದು. ಗಿನಿಪಿಗ್ಗಿನ ಮೇಲೆ ಮಾತ್ರ ಪರೀಕ್ಷಿಸಿದ್ದರೆ ಅದನ್ನು ಆಗಲೇ ಕಸಕ್ಕೆ ಎಸೆಯುತ್ತಿದ್ದರು. ಆ ಪ್ರಾಣಿಯಲ್ಲಿ ಅದು ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ.