1865ರಲ್ಲೇ ಗುಲಾಮಗಿರಿ ರದ್ದಾಯಿತಲ್ಲ, ಮತ್ತೆ ನೂರು ವರ್ಷ ಹೋರಾಟ ಏಕೆ?

ಪ್ರಶ್ನೆ: ಅಮೆರಿಕದಲ್ಲಿ ಲಿಂಕನ್ ಕಾಲದಲ್ಲೇ ಗುಲಾಮಗಿರಿ ಹೋಯಿತೆಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಕಪ್ಪು ಜನ 1960ರ ದಶಕದಲ್ಲೂ ಮತದಾನದ ಹಕ್ಕಿಗಾಗಿ ಬೀದಿಗಿಳಿಯಬೇಕಾಗಿ ಬಂದದ್ದೇಕೆ?

ಉತ್ತರ: ಹಕ್ಕನ್ನು ಸಂವಿಧಾನದಲ್ಲಿ ಬರೆದ ಸರ್ಕಾರವೇ ಕೆಲವು ವರ್ಷಗಳಲ್ಲಿ ಅದನ್ನು ಕಾಯುವುದನ್ನು ಬಿಟ್ಟುಬಿಟ್ಟಿತು. ಉಳಿದೆಲ್ಲ ಕಾರಣಗಳು ಇದರ ಹಿಂದೆಯೇ ಬರುತ್ತವೆ.

ಲಿಂಕನ್ 1863ರಲ್ಲಿ ಹೊರಡಿಸಿದ ಘೋಷಣೆ ಬಂಡೆದ್ದ ದಕ್ಷಿಣದ ಪ್ರದೇಶಗಳಿಗಷ್ಟೇ ಅನ್ವಯಿಸುತ್ತಿತ್ತು. ಇಡೀ ದೇಶದಲ್ಲಿ ಗುಲಾಮಗಿರಿ ರದ್ದಾದದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಹೊತ್ತಿಗೆ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಆದರೆ ಅದೇ ತಿದ್ದುಪಡಿಯಲ್ಲಿ ಒಂದು ವಿನಾಯಿತಿಯೂ ಇತ್ತು: ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆ ಮಾಡಿಸಬಹುದು.

ಅಪರಾಧ ಯಾವುದೆಂದು ತೀರ್ಮಾನಿಸುವವರು ಯಾರು? ಮಿಸಿಸಿಪ್ಪಿಯ ಶಾಸನಸಭೆ 1865ರ ನವೆಂಬರ್‌ನಲ್ಲಿ ಮಾಡಿದ ಕಾನೂನನ್ನೇ ನೋಡಿ. ಜನವರಿಯ ಎರಡನೇ ಸೋಮವಾರದ ಹೊತ್ತಿಗೆ ಕಪ್ಪು ಮನುಷ್ಯನಿಗೆ ಕೆಲಸವಿರಬೇಕು, ಅದಕ್ಕೆ ಲಿಖಿತ ಪುರಾವೆಯೂ ಇರಬೇಕು. ಇಲ್ಲದಿದ್ದರೆ ಅವನು ಅಲೆಮಾರಿ, ಅಂದರೆ ಅಪರಾಧಿ. ದಂಡ 50 ಡಾಲರ್‌ವರೆಗೆ. ಐದು ದಿನದೊಳಗೆ ಕಟ್ಟಲಾಗದಿದ್ದರೆ, ಆ ದಂಡ ತುಂಬುವ ಧಣಿಗೆ ಅವನನ್ನು ದುಡಿಯಲು ಒಪ್ಪಿಸಲಾಗುತ್ತಿತ್ತು. ಬರಿಗೈಯಲ್ಲಿ ಬಿಡುಗಡೆಯಾದವನು ದಂಡಕ್ಕೆ ಹಣ ಎಲ್ಲಿಂದ ತರಬೇಕು? ಜೀತ ಹಿಂಬಾಗಿಲಿನಿಂದ ಒಳಗೆ ಬಂದದ್ದು ಹೀಗೆ.

ಭೂಮಿ ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತೆಂದು ನಾನು ನಂಬುತ್ತೇನೆ. 1865ರ ಜನವರಿಯಲ್ಲಿ ಉತ್ತರದ ಸೇನೆಯ ಜನರಲ್ ಶೆರ್ಮನ್ ದಕ್ಷಿಣದ ಕರಾವಳಿಯ ಜಮೀನನ್ನು ಬಿಡುಗಡೆಯಾದ ಗುಲಾಮರಿಗೆ, ಕುಟುಂಬಕ್ಕೆ 40 ಎಕರೆವರೆಗೆ ಹಂಚಲು ಆದೇಶಿಸಿದ್ದರು. ಸುಮಾರು 40,000 ಜನ ಅಲ್ಲಿ ನೆಲೆಯೂರಿದರು. ಲಿಂಕನ್ ನಂತರ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ ಅದನ್ನು ಹಳೆಯ ಮಾಲೀಕರಿಗೆ ವಾಪಸ್ ಕೊಡಿಸಿದರು. ಈ ಸುದ್ದಿ ಹೇಳಲು ಅಕ್ಟೋಬರ್‌ನಲ್ಲಿ ಸೌತ್ ಕ್ಯಾರೊಲಿನಾದ ಎಡಿಸ್ಟೊ ದ್ವೀಪಕ್ಕೆ ಹೋದವರು ಜನರಲ್ ಹೊವಾರ್ಡ್, ಬಿಡುಗಡೆಯಾದವರ ನೆರವಿಗೆಂದೇ ಸ್ಥಾಪಿಸಿದ್ದ ಇಲಾಖೆಯ ಮುಖ್ಯಸ್ಥರು. ಮಾಲೀಕರನ್ನು ಕ್ಷಮಿಸಿಬಿಡಿ ಎಂದು ಅವರು ಕೇಳಿಕೊಂಡರು. ದ್ವೀಪದವರು ಪತ್ರದಲ್ಲಿ ಕೊಟ್ಟ ಉತ್ತರ ಓದಿದರೆ ಇಂದಿಗೂ ಎದೆ ಭಾರವಾಗುತ್ತದೆ. ಯುದ್ಧದಲ್ಲಿ ನೀವು ಕಳೆದುಕೊಂಡದ್ದು ಬಲಗೈ ಮಾತ್ರ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಛಡಿಯೇಟು ಕೊಟ್ಟವನನ್ನು, ನನ್ನ ತಾಯಿಗೂ ತಂಗಿಗೂ ಹೊಡೆದವನನ್ನು ನಾನು ಹೇಗೆ ಕ್ಷಮಿಸಲಿ ಎಂಬುದು ಅದರ ಸಾರ. ಜಮೀನು ಹೋಯಿತು. ಹಿಂದಿನ ಗುಲಾಮರು ಹಿಂದಿನ ಧಣಿಗಳ ಹೊಲದಲ್ಲೇ ಪಾಲಿಗೆ ದುಡಿದು, ಸಾಲದಲ್ಲಿ ಮುಳುಗಿದರು.

ಸರ್ಕಾರಕ್ಕೆ ಶಕ್ತಿಯೇ ಇರಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. 1867ರಲ್ಲಿ ಸಂಸತ್ತು ದಕ್ಷಿಣದ ಹತ್ತು ರಾಜ್ಯಗಳನ್ನು ಸೇನಾಡಳಿತದ ಐದು ವಲಯಗಳಾಗಿ ವಿಂಗಡಿಸಿ, ಕಪ್ಪು ಗಂಡಸರಿಗೆ ಮತ ಹಾಕಿಸಿತು. ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ ಕೊಡುವ 14ನೇ ತಿದ್ದುಪಡಿ 1868ರಲ್ಲಿ, ಬಣ್ಣದ ಕಾರಣಕ್ಕೆ ಮತದ ಹಕ್ಕು ನಿರಾಕರಿಸಬಾರದೆನ್ನುವ 15ನೇ ತಿದ್ದುಪಡಿ 1870ರಲ್ಲಿ ಬಂದವು. ಅದೇ 1870ರಲ್ಲಿ ಮಿಸಿಸಿಪ್ಪಿಯಿಂದಲೇ ಹೈರಮ್ ರೆವೆಲ್ಸ್ ಎಂಬ ಕಪ್ಪು ಸೆನೆಟರ್ ವಾಷಿಂಗ್ಟನ್‌ಗೆ ಹೋದರು. 1871ರಲ್ಲಿ ಅಧ್ಯಕ್ಷ ಗ್ರ್ಯಾಂಟ್ ಸೌತ್ ಕ್ಯಾರೊಲಿನಾದ ಒಂಬತ್ತು ಕೌಂಟಿಗಳಲ್ಲಿ (ಜಿಲ್ಲೆಗಳಲ್ಲಿ) ಸೇನೆ ಬಳಸಿ ನೂರಾರು ಮಂದಿಯನ್ನು ಬಂಧಿಸಿದಾಗ, ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕು ಕ್ಲುಕ್ಸ್ ಕ್ಲಾನ್‌ನ ಬೆನ್ನೆಲುಬು ಅಲ್ಲಿ ಮುರಿಯಿತು.

ಉಳಿಯದೆ ಹೋದದ್ದು ಆ ಮನಸ್ಸು. 1873ರಲ್ಲಿ ಲೂಯಿಸಿಯಾನಾದ ಕೋಲ್ಫ್ಯಾಕ್ಸ್‌ನಲ್ಲಿ ಕಪ್ಪು ಜನರ ಸಾಮೂಹಿಕ ಹತ್ಯೆ ನಡೆಯಿತು. ಆ ಹತ್ಯೆಯ ಪ್ರಕರಣದಲ್ಲಿ, 14ನೇ ತಿದ್ದುಪಡಿ ಕಟ್ಟಿಹಾಕುವುದು ರಾಜ್ಯ ಸರ್ಕಾರಗಳನ್ನೇ ಹೊರತು ಖಾಸಗಿ ವ್ಯಕ್ತಿಗಳನ್ನಲ್ಲ ಎಂದು 1876ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಶಿಕ್ಷೆಯಾಗಿದ್ದವರೂ ಹೊರಬಂದರು. ಮರುವರ್ಷ, ವಿವಾದದಲ್ಲಿ ಸಿಲುಕಿದ್ದ ಚುನಾವಣೆಯಿಂದ ಅಧ್ಯಕ್ಷರಾದ ಹೇಯ್ಸ್, ಸೌತ್ ಕ್ಯಾರೊಲಿನಾ ಮತ್ತು ಲೂಯಿಸಿಯಾನಾದ ಶಾಸನಸಭೆಗಳ ಕಾವಲಿಗಿದ್ದ ಸೈನಿಕರನ್ನು ಹಿಂದಕ್ಕೆ ಕರೆಸಿಕೊಂಡರು. ಆಮೇಲೆ ಮತ ಹಾಕಲು ಕಟ್ಟಬೇಕಿದ್ದ ತಲೆಗಂದಾಯ, ಓದುಬರಹದ ಪರೀಕ್ಷೆಗಳ ನೆಪದಲ್ಲಿ ಮಿಸಿಸಿಪ್ಪಿ 1890ರ ತನ್ನ ಸಂವಿಧಾನದಿಂದಲೇ ಕಪ್ಪು ಮತದಾರರನ್ನು ಹೊರಗಿಟ್ಟಿತು. ಇತರ ರಾಜ್ಯಗಳೂ ಅದೇ ದಾರಿ ಹಿಡಿದವು.

15ನೇ ತಿದ್ದುಪಡಿ ಈ ಅವಧಿಯಲ್ಲಿ ಒಂದು ದಿನವೂ ರದ್ದಾಗಿರಲಿಲ್ಲ. 1965ರ ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂದ ಕೆಲವೇ ದಿನಗಳಲ್ಲಿ ಕೇಂದ್ರದ ಅಧಿಕಾರಿಗಳು ಅಲಬಾಮದ ಸೆಲ್ಮಾಕ್ಕೆ ಬಂದು ಕೂತು, ಮತದಾರರ ಹೆಸರನ್ನು ತಾವೇ ಬರೆದುಕೊಳ್ಳತೊಡಗಿದರು.