ಅಂಗಾತ ಮಲಗಿಸಿದರೆ ಹಾಲು ನೆತ್ತಿಗೆ ಹತ್ತುವುದಿಲ್ಲವೇ?

ಪ್ರಶ್ನೆ: ನಮ್ಮ ಮಗುವಿಗೆ ಈಗ ಎರಡು ತಿಂಗಳು. ಹಾಲು ಕುಡಿದ ಮೇಲೆ ಆಗಾಗ ಕಕ್ಕುತ್ತದೆ. ಮಗುವನ್ನು ಅಂಗಾತವೇ ಮಲಗಿಸಬೇಕೆಂದು ನೀವು ಹೇಳುತ್ತೀರಿ. ಆದರೆ ನಿದ್ದೆಯಲ್ಲಿ ಕಕ್ಕಿಕೊಂಡರೆ ಹಾಲು ನೆತ್ತಿಗೆ ಹತ್ತಿ ಉಸಿರು ಕಟ್ಟುವುದಿಲ್ಲವೇ? ಬೋರಲಾಗಿ ಅಥವಾ ಕಡೇಪಕ್ಷ ಮಗ್ಗುಲಾಗಿ ಮಲಗಿಸುವುದೇ ಮೇಲು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ.

ಉತ್ತರ: ಹಸುಗೂಸುಗಳ ಸುರಕ್ಷಿತ ನಿದ್ದೆಯ ಬಗ್ಗೆ ಮನೆಮನೆಗೆ ಹೋಗಿ, ತಾಯಂದಿರ ಸಭೆಗಳಲ್ಲಿ ಕುಳಿತು ತಿಳಿಸಿಕೊಡುವ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಲ ಎದುರಾಗಿರುವ ಪ್ರಶ್ನೆ ಇದು. ಉತ್ತರಿಸಿ ಉತ್ತರಿಸಿ ದಣಿದಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೇರೆಲ್ಲ ಸಲಹೆಗಳನ್ನೂ ತಲೆಯಾಡಿಸಿ ಒಪ್ಪಿಕೊಳ್ಳುವ ಮನೆಯವರು ಈ ಒಂದು ಭಯಕ್ಕೆ ಸೋತು, ನಾನು ಹೊಸ್ತಿಲು ದಾಟುತ್ತಲೇ ಮಗುವನ್ನು ಮತ್ತೆ ಬೋರಲು ಹಾಕುತ್ತಾರೆ.

ನೇರವಾದ ಉತ್ತರ ಹೀಗಿದೆ: ಅಂಗಾತ ಮಲಗಿದ ಆರೋಗ್ಯವಂತ ಮಗುವಿಗೆ ಕಕ್ಕಿದ ಹಾಲಿನಿಂದ ಉಸಿರು ಕಟ್ಟುವ ಅಪಾಯ ಹೆಚ್ಚುವುದಿಲ್ಲ. ಆಗಾಗ ಕಕ್ಕುವ ಮಗುವಿಗೂ ಈ ಮಾತು ಅನ್ವಯಿಸುತ್ತದೆ. ಹಗಲಿನ ನಿದ್ದೆಗಾಗಲಿ ರಾತ್ರಿಯ ನಿದ್ದೆಗಾಗಲಿ, ಒಂದು ವರ್ಷ ತುಂಬುವವರೆಗೆ, ಪ್ರತಿಯೊಂದು ಸಲವೂ ಮಗುವನ್ನು ಅಂಗಾತವೇ ಮಲಗಿಸಬೇಕು. ಶ್ವಾಸಮಾರ್ಗದ ರಚನೆಯಲ್ಲಿ ದೋಷವಿರುವ ಕೆಲವೇ ಮಕ್ಕಳು ಇದಕ್ಕೆ ಅಪವಾದ. ಅಂಥ ಮಗುವಿನ ವಿಷಯದಲ್ಲಿ ಅದನ್ನು ಪರೀಕ್ಷಿಸಿದ ವೈದ್ಯರು ಬೇರೆಯಾಗಿಯೇ ಹೇಳಿರುತ್ತಾರೆ.

ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲವೆಂದು ನನಗೆ ಗೊತ್ತು, ಒಪ್ಪಬೇಕಾಗಿಯೂ ಇಲ್ಲ. ಆದ್ದರಿಂದ ನಾನು ಎಲ್ಲ ಮನೆಗಳಲ್ಲಿ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡುತ್ತೇನೆ. ನಿಮ್ಮ ಕೊರಳಿನ ಮುಂಭಾಗವನ್ನು ಮೆಲ್ಲಗೆ ಮುಟ್ಟಿ ನೋಡಿ. ಬೆರಳಿಗೆ ಗಟ್ಟಿಯಾಗಿ, ಉಂಗುರ ಉಂಗುರವಾಗಿ ಸಿಗುವುದು ಶ್ವಾಸನಾಳ. ಅದರ ಹಿಂದೆ, ಬೆನ್ನುಮೂಳೆಯ ಕಡೆಗೆ, ಅದಕ್ಕೆ ಒತ್ತಿಕೊಂಡಂತೆ ಅನ್ನನಾಳವಿದೆ. ಈಗ ನಿಮ್ಮ ಎರಡು ಬೆರಳುಗಳನ್ನು ಒಂದರ ಹಿಂದೆ ಒಂದಾಗಿ ನೆಟ್ಟಗೆ ಹಿಡಿಯಿರಿ. ಮುಂದಿನ ಬೆರಳು ಉಸಿರಿನ ದಾರಿ, ಹಿಂದಿನದು ಹಾಲಿನ ದಾರಿ ಎಂದಿಟ್ಟುಕೊಳ್ಳಿ. ಮಗು ಅಂಗಾತ ಮಲಗಿದಂತೆ ಕೈಯನ್ನು ಹಿಂದಕ್ಕೆ ಒರಗಿಸಿದರೆ ಉಸಿರಿನ ದಾರಿ ಮೇಲೆ ಬಂದು ಹಾಲಿನ ದಾರಿ ಕೆಳಗಾಗುತ್ತದೆ. ಹೊಟ್ಟೆಯಿಂದ ಹಿಂದಿರುಗಿದ ಹಾಲು ಕೆಳಗಿನ ನಾಳದಲ್ಲಿರುತ್ತದೆ. ಅದು ಶ್ವಾಸನಾಳವನ್ನು ಸೇರಬೇಕಾದರೆ ತನ್ನ ಭಾರಕ್ಕೆ ಎದುರಾಗಿ ಮೇಲಕ್ಕೆ ಹತ್ತಬೇಕು. ಇನ್ನು ಮಗು ಬೋರಲಾದಂತೆ ಕೈಯನ್ನು ಮಗುಚಿ. ಈಗ ಉಸಿರಿನ ದಾರಿ ಕೆಳಗೆ, ಹಾಲಿನ ದಾರಿ ಮೇಲೆ. ಕಕ್ಕಿದ ಹಾಲು ಇಳಿದು ನಿಲ್ಲುವುದು ಶ್ವಾಸನಾಳದ ಬಾಯಿಯ ಬಳಿಯಲ್ಲಿಯೇ. ಅಂದರೆ ನೀವು ಅಂಜುವ ಸಂಗತಿಗೆ ಹೆಚ್ಚು ಅನುಕೂಲವಾದ ಭಂಗಿ ಬೋರಲೇ ಹೊರತು ಅಂಗಾತವಲ್ಲ.

ಹಾಲು ನೆತ್ತಿಗೆ ಹತ್ತಿತು ಎಂದು ನಾವು ಹೇಳುವಾಗ ಅದು ತಲೆಗೇರಿರುವುದಿಲ್ಲ. ಶ್ವಾಸನಾಳದ ಬಾಗಿಲಿಗೆ ತಾಗಿರುತ್ತದೆ, ಅಷ್ಟೇ. ತಾಗಿದ ಕ್ಷಣದಲ್ಲಿಯೇ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮಗು ನುಂಗುತ್ತದೆ, ಕೆಮ್ಮುತ್ತದೆ, ಕೆಲವೊಮ್ಮೆ ಮುಖ ಕೆಂಪಾಗಿಸಿಕೊಂಡು ಎಚ್ಚರಗೊಳ್ಳುತ್ತದೆ. ನೋಡುವವರ ಎದೆ ಝಲ್ಲೆನ್ನುತ್ತದೆ ನಿಜ, ಆದರೆ ಅದು ಮಗುವಿನ ದೇಹ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರುವ ಲಕ್ಷಣ. ಬೋರಲಾಗಿ ಗಾಢವಾಗಿ ಮಲಗಿದ ಮಗುವಿನಲ್ಲಿ ಈ ನುಂಗುವಿಕೆಯೂ ಎಚ್ಚರಗೊಳ್ಳುವಿಕೆಯೂ ಮಂದವಾಗುತ್ತವೆ. ಹೀಗಾಗಿ ಬೋರಲು ಮಲಗಿದ ಮಗು ಕೆಮ್ಮದೆ ಶಾಂತವಾಗಿದ್ದರೆ ಅದನ್ನು ಸುರಕ್ಷತೆಯ ಗುರುತೆಂದು ಓದಬೇಡಿ.

ದೇಹರಚನೆಯ ಈ ವಾದ ಬರಿಯ ಊಹೆಯಲ್ಲ, ಲಕ್ಷಾಂತರ ಮಕ್ಕಳ ಬದುಕಿನಲ್ಲಿ ಪರೀಕ್ಷೆಗೊಳಗಾದದ್ದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 1992ರಲ್ಲಿ ಶಿಶುಗಳನ್ನು ಬೋರಲು ಮಲಗಿಸಬಾರದೆಂದು ಹೇಳಿತು. 1994ರಲ್ಲಿ ದೇಶವ್ಯಾಪಿ ಪ್ರಚಾರ ಆರಂಭವಾಯಿತು. 1992ರಲ್ಲಿ ಅಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಶಿಶುಗಳು ಬೋರಲು ಮಲಗುತ್ತಿದ್ದವು. ಹತ್ತು ವರ್ಷಗಳಲ್ಲಿ ಆ ಪ್ರಮಾಣ ನೂರಕ್ಕೆ ಹದಿನೈದಕ್ಕಿಂತ ಕೆಳಗಿಳಿಯಿತು. ಅದೇ ಅವಧಿಯಲ್ಲಿ, ಸಾವಿರ ಜನನಗಳಿಗೆ 1.2ರಷ್ಟಿದ್ದ ಹಠಾತ್ ಶಿಶು ಮರಣ, ಅಂದರೆ ಆರೋಗ್ಯವಾಗಿಯೇ ಕಾಣುತ್ತಿದ್ದ ಶಿಶು ಕಾರಣ ತಿಳಿಯದಂತೆ ನಿದ್ದೆಯಲ್ಲಿ ಸಾಯುವುದು, 2001ರ ಹೊತ್ತಿಗೆ 0.56ಕ್ಕೆ ಇಳಿಯಿತು. ನಮ್ಮ ಪ್ರಶ್ನೆಗೆ ಬೇಕಾದ ಅಂಶ ಇದರ ಮುಂದಿದೆ. ಇಷ್ಟೊಂದು ಮಕ್ಕಳು ಒಮ್ಮೆಲೇ ಅಂಗಾತ ಮಲಗತೊಡಗಿದರೂ, ಕಕ್ಕಿದ ಹಾಲಿನಿಂದ ಉಸಿರು ಕಟ್ಟಿ ಸತ್ತ ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ. ಅತ್ತೆಯವರ ಭಯ ನಿಜವಾಗಿದ್ದರೆ ಅದು ಅಲ್ಲಿ ಕಾಣಿಸಿಕೊಳ್ಳಲೇಬೇಕಿತ್ತು.

ಮಗ್ಗುಲಾಗಿ ಮಲಗಿಸುವುದು ಎರಡಕ್ಕೂ ನಡುವಿನ ಒಪ್ಪಂದದಂತೆ ಕಾಣುತ್ತದೆ, ಆದ್ದರಿಂದ ಅದನ್ನು ಬಿಡಿಸುವುದು ಇನ್ನೂ ಕಷ್ಟ. ಮಗ್ಗುಲಾದ ಮಗು ಮಗ್ಗುಲಲ್ಲಿಯೇ ನಿಲ್ಲುವುದಿಲ್ಲ. ಸ್ವಲ್ಪ ಮಿಸುಕಿದರೆ ಬೋರಲಿಗೆ ಉರುಳುತ್ತದೆ. ಉರುಳದಂತೆ ಬೆನ್ನಿಗೆ ಒತ್ತಿಡುವ ಬಟ್ಟೆಯ ಸುರುಳಿ ಅಥವಾ ದಿಂಬು ತಾನೇ ಮೂಗು ಮುಚ್ಚುವ ವಸ್ತುವಾಗುತ್ತದೆ. ಕಕ್ಕುವುದು ನಿಲ್ಲಲೆಂದು ತಲೆಯ ಕಡೆ ಎತ್ತರ ಮಾಡುವುದರಿಂದಲೂ ಉಪಯೋಗವಿಲ್ಲ. ಇಳಿಜಾರಿನಲ್ಲಿ ಮಗು ಜಾರುತ್ತದೆ, ಗದ್ದ ಎದೆಗೆ ಬಾಗುತ್ತದೆ, ಮೃದುವಾದ ಶ್ವಾಸನಾಳ ಮಡಚಿಕೊಳ್ಳುತ್ತದೆ. ಕಕ್ಕುವ ಮಗುವಿಗೆ ನೀವು ಮಾಡಬಹುದಾದದ್ದು ಬೇರೆಯೇ ಇದೆ: ಹಾಲು ಕುಡಿಸಿದ ಮೇಲೆ ಸ್ವಲ್ಪ ಹೊತ್ತು ಹೆಗಲಿಗೆ ಒರಗಿಸಿಕೊಂಡು ತೇಗಿಸಿ, ಆಮೇಲೆ ಅಂಗಾತ ಮಲಗಿಸಿ. ವಾಂತಿ ಹಸಿರಾಗಿದ್ದರೆ, ಮೈ ನೀಲಿಗಟ್ಟಿದರೆ ಅಥವಾ ತೂಕ ಏರದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬೋರಲು ಹಾಕಿದರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆಂಬ ಮಾತು ಸುಳ್ಳಲ್ಲ. ಬೆಚ್ಚಿ ಕೈ ಚೆಲ್ಲುವುದು ಕಡಿಮೆಯಾಗುತ್ತದೆ, ಎಚ್ಚರವಾಗುವುದೂ ಕಡಿಮೆಯಾಗುತ್ತದೆ. ಅಪಾಯ ಇರುವುದೂ ಅಲ್ಲಿಯೇ. ಹಾಸಿಗೆಗೆ ಮುಖವಿಟ್ಟ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವಾಗ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳಿನ ಕಾಂಡ ಮಗುವನ್ನು ಎಬ್ಬಿಸಿ ತಲೆ ಹೊರಳಿಸುವಂತೆ ಮಾಡಬೇಕು. ಕೆಲವು ಮಕ್ಕಳಲ್ಲಿ ಆ ಎಚ್ಚರಿಕೆಯ ವ್ಯವಸ್ಥೆ ದುರ್ಬಲವಾಗಿರುತ್ತದೆ, ಅದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಇಂಥ ಸಾವುಗಳಲ್ಲಿ ಹೆಚ್ಚಿನವು ಮೊದಲ ಆರು ತಿಂಗಳಲ್ಲಿ, ಅದರಲ್ಲಿಯೂ ಎರಡರಿಂದ ನಾಲ್ಕನೆಯ ತಿಂಗಳಲ್ಲಿ ಸಂಭವಿಸುತ್ತವೆ. ನಿಮ್ಮ ಮಗು ಈಗ ಸರಿಯಾಗಿ ಆ ವಯಸ್ಸಿಗೆ ಕಾಲಿಡುತ್ತಿದೆ.

ಉಳಿದ ಸಲಹೆಗಳನ್ನು ಬಹುತೇಕರು ಒಪ್ಪುತ್ತಾರಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ಅದರ ಮೇಲೆ ದಿಂಬು, ಸಡಿಲವಾದ ಹೊದಿಕೆ, ಗೊಂಬೆ ಯಾವುದೂ ಬೇಡ. ಮಗು ನಿಮ್ಮ ಕೋಣೆಯಲ್ಲಿಯೇ, ಆದರೆ ತನ್ನದೇ ಹಾಸಿಗೆಯಲ್ಲಿ, ಕನಿಷ್ಠ ಆರು ತಿಂಗಳು ಮಲಗಲಿ. ತಲೆ ಮುಚ್ಚಿ ಮೈ ಬೆವರುವಷ್ಟು ಬಟ್ಟೆ ಸುತ್ತಬೇಡಿ. ಮನೆಯಲ್ಲಿ ಯಾರೂ ಸಿಗರೇಟು ಸೇದದಿರಲಿ. ಎದೆಹಾಲು ಈ ಅಪಾಯವನ್ನು ತಗ್ಗಿಸುತ್ತದೆ. ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು: ಮಗುವನ್ನು ಎದೆಗವಚಿಕೊಂಡು ಸೋಫಾದಲ್ಲಿ ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯಕರ. ನಡುರಾತ್ರಿ ಹಾಲೂಡಿಸುವಾಗ ಕಣ್ಣು ಮುಚ್ಚಿಹೋಗಬಹುದೆಂಬ ಅಳುಕಿದ್ದರೆ, ಸೋಫಾಕ್ಕಿಂತ ದಿಂಬು ಹೊದಿಕೆಗಳನ್ನು ತೆಗೆದಿಟ್ಟ ಹಾಸಿಗೆ ಕಡಿಮೆ ಅಪಾಯದ್ದು. ಎಚ್ಚರವಾದ ಕೂಡಲೇ ಮಗುವನ್ನು ಅದರ ಜಾಗಕ್ಕೆ ಮರಳಿಸಿ.

ನೀವು ಕೇಳದಿದ್ದರೂ ನಿಮ್ಮ ಪ್ರಶ್ನೆಯ ಒಳಗೇ ಇರುವ ಇನ್ನೊಂದು ಪ್ರಶ್ನೆಗೆ ಉತ್ತರಿಸದೆ ನನಗೆ ಸಮಾಧಾನವಿಲ್ಲ. ಹಾಗಾದರೆ ಅತ್ತೆಯವರಿಗೆ ಈ ಮಾತನ್ನು ಹೇಳಿಕೊಟ್ಟವರು ಯಾರು? ಅದು ಅಜ್ಞಾನದ ಫಲವೆಂದು ನಮ್ಮ ಕೆಲಸದವರೇ ಕೆಲವರು ಭಾವಿಸುತ್ತಾರೆ, ಅದು ಅನ್ಯಾಯ. 1950ರ ದಶಕದಿಂದ ಮುಂದೆ ಹಲವು ದೇಶಗಳಲ್ಲಿ ಮಕ್ಕಳ ವೈದ್ಯರು ಬರೆದ ಕೈಪಿಡಿಗಳೇ, ಕಕ್ಕಿದಾಗ ಉಸಿರು ಕಟ್ಟಬಾರದೆಂದು ಶಿಶುಗಳನ್ನು ಬೋರಲು ಮಲಗಿಸಲು ಹೇಳಿದವು. ಕೇಳಲು ಸರಿಯೆನಿಸಿದ ಆ ಸಲಹೆಯನ್ನು ಯಾರೂ ಪರೀಕ್ಷಿಸಿರಲಿಲ್ಲ. 2005ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಬ್ರಿಟನ್ನಿನ ಸಂಶೋಧಕರು, ಬೋರಲು ನಿದ್ದೆಯ ಅಪಾಯ 1970ರ ಹೊತ್ತಿಗೇ ಗೊತ್ತಾಗಬಹುದಿತ್ತು ಎಂದು ತೋರಿಸಿದರು. ಆಗಲೇ ಸಲಹೆ ಬದಲಾಗಿದ್ದರೆ ಬ್ರಿಟನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಬದುಕುತ್ತಿದ್ದವೆಂಬುದು ಅವರ ಅಂದಾಜು. ನೆದರ್ಲ್ಯಾಂಡ್ಸ್ 1987ರಲ್ಲಿ, ನ್ಯೂಜಿಲೆಂಡ್ ಮತ್ತು ಬ್ರಿಟನ್ 1991ರಲ್ಲಿ ಜನರಿಗೆ ಹೊಸ ಮಾತು ಹೇಳಿದವು. ಅಷ್ಟರಲ್ಲಿ ಒಂದಿಡೀ ತಲೆಮಾರಿನ ತಾಯಂದಿರು ಹಳೆಯ ಮಾತನ್ನು ನಂಬಿ, ಪ್ರೀತಿಯಿಂದಲೇ ಪಾಲಿಸಿದ್ದರು.

ಇಂದಿಗೂ ಆ ಹಳೆಯ ಮಾತಿಗೆ ಆಸ್ಪತ್ರೆಯಲ್ಲಿಯೇ ಬಲ ಸಿಗುವುದುಂಟು. ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ತೀವ್ರ ನಿಗಾ ಘಟಕದಲ್ಲಿ, ಉಸಿರಾಟವನ್ನು ಕ್ಷಣಕ್ಷಣವೂ ಅಳೆಯುವ ಯಂತ್ರದ ಕಾವಲಿನಲ್ಲಿ, ಬೋರಲು ಮಲಗಿಸಿರುತ್ತಾರೆ. ಯಂತ್ರವಿಲ್ಲದ ಮನೆಯಲ್ಲಿ ಅಪ್ಪ ಅಮ್ಮ ಅದನ್ನೇ ಅನುಕರಿಸುತ್ತಾರೆ. ಬಾಯಲ್ಲಿ ಹೇಳಿದ್ದಕ್ಕಿಂತ ಕಣ್ಣಲ್ಲಿ ಕಂಡದ್ದು ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಮನೆಗೆ ಕಳುಹಿಸುವ ಎಷ್ಟೋ ದಿನಗಳ ಮುಂಚೆಯೇ ಅಂಥ ಮಗುವನ್ನು ಅಂಗಾತಕ್ಕೆ ರೂಢಿ ಮಾಡಿಸಿ, ಕಾರಣವನ್ನೂ ಹೇಳಿ ಕಳುಹಿಸುವುದು ದಾದಿಯರ ಕರ್ತವ್ಯವೆಂದು ನಾನು ಬಲವಾಗಿ ನಂಬಿದ್ದೇನೆ.

ತಾಯಿಗೆ ಮಾತ್ರ ಹೇಳಿ ಹೊರಡುವ ಕಾರ್ಯಕ್ರಮಗಳ ಬಗ್ಗೆ ನನಗಿರುವ ಬೇಸರವೂ ಇದಕ್ಕೆ ಸೇರಿದ್ದು. ಸದಾ ಅಂಗಾತ ಮಲಗಿ ಅಭ್ಯಾಸವಾದ ಮಗುವನ್ನು ಅಪರೂಪಕ್ಕೆ ಒಂದು ದಿನ ಬೇರೊಬ್ಬರು ಬೋರಲು ಹಾಕಿದರೆ, ಬೋರಲಿಗೆ ರೂಢಿಯಾದ ಮಗುವಿಗಿಂತ ಅದಕ್ಕೆ ಅಪಾಯ ಹೆಚ್ಚು. ತಾಯಿ ನೂರು ದಿನ ಪಾಲಿಸಿದ್ದು ಒಂದು ಮಧ್ಯಾಹ್ನದಲ್ಲಿ ವ್ಯರ್ಥವಾಗಬಹುದು. ಮಗುವನ್ನು ಎತ್ತಿ ಆಡಿಸುವ ಅಜ್ಜಿ, ತಾತ, ಅಕ್ಕ, ಆಯಾ, ಎಲ್ಲರೂ ಕುಳಿತು ಕೇಳಬೇಕಾದ ವಿಷಯವಿದು. ನಾಲ್ಕು ಮಕ್ಕಳನ್ನು ಬೋರಲು ಮಲಗಿಸಿಯೇ ಸಾಕಿದ್ದ ಹಿರಿಯರೊಬ್ಬರು ಒಮ್ಮೆ ನನ್ನ ಮಾತಿಗೆ ತುಂಬ ಹೊತ್ತು ತಕರಾರು ಮಾಡಿ, ಕೊನೆಗೆ ತಮ್ಮದೇ ಎರಡು ಬೆರಳುಗಳನ್ನು ಒರಗಿಸಿ, ಮಗುಚಿ, ಮತ್ತೆ ಒರಗಿಸಿ ನೋಡಿದರು. ಮುಂದಿನ ಸಭೆಯಲ್ಲಿ ಅವರು ಪಕ್ಕದವರಿಗೆ ಅದನ್ನೇ ತೋರಿಸುತ್ತಿದ್ದುದನ್ನು ಕಂಡಾಗ ನನಗಾದ ಸಂತೋಷ ಸಣ್ಣದಲ್ಲ.

ನಿಮ್ಮ ಅತ್ತೆಯವರೊಡನೆ ವಾದಕ್ಕಿಳಿಯಬೇಡಿ. ಅವರು ಕೇಳಿ ಕಲಿತದ್ದು ಆ ಕಾಲದ ವೈದ್ಯರ ಮಾತು ಎಂಬುದನ್ನು ಮೊದಲು ಹೇಳಿ, ಆಮೇಲೆ ಬೆರಳುಗಳನ್ನು ತೋರಿಸಿ. ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿ ನೋಡುವ ಆಸೆ ಅವರಿಗಿದ್ದರೆ ಅದಕ್ಕೂ ಹೊತ್ತಿದೆ. ಮಗು ಎಚ್ಚರವಾಗಿರುವಾಗ, ಅವರು ಎದುರಿಗೇ ಕುಳಿತಿರುವಾಗ, ದಿನಕ್ಕೆ ಎರಡು ಮೂರು ಸಲ ಕೆಲವು ನಿಮಿಷ ಬೋರಲು ಬಿಟ್ಟರೆ ಕತ್ತು ಹೆಗಲುಗಳು ಗಟ್ಟಿಯಾಗುತ್ತವೆ, ತಲೆಯ ಹಿಂಭಾಗ ಚಪ್ಪಟೆಯಾಗುವುದೂ ತಪ್ಪುತ್ತದೆ. ಆ ಕೆಲಸವನ್ನು ಅವರಿಗೇ ಒಪ್ಪಿಸಿ. ಮಗು ತೂಕಡಿಸತೊಡಗಿದಾಗ ಅದನ್ನು ಅಂಗಾತ ತಿರುಗಿಸುವವರೂ ಅವರೇ ಆಗಲಿ.